ಸಣ್ಣವ್ವ ತೆನೆ ನೋಡಿದ ವರ್ಷ

ಹೋದ ಮಳೆಗಾಲ ಒಂದು ಚಿತ್ರಕ್ಕೆ ಜಾಗ ನೋಡಲು ಹುಣಸಗಿಗೆ ಹೋಗಿದ್ದೆ. ಬಸ್ಸಿನಿಂದ ಇಳಿದು ರಸ್ತೆ ದಾಟುವಾಗ ಸಸಿಯ ಕಟ್ಟು ಹೇರಿಕೊಂಡ ಟ್ರ್ಯಾಕ್ಟರೊಂದು ಮೈಗೆ ತಾಗುವಂತೆ ಹಾದುಹೋಯಿತು. ಆಗಷ್ಟೇ ಕಿತ್ತ ನೆಲ್ಲಿನ ಸಸಿ. ಭತ್ತಕ್ಕೆ ನಮ್ಮ ಕಡೆ ನೆಲ್ಲು ಅನ್ನುತ್ತೇವೆ. ಬೇರಿನಿಂದ ಕೆಸರುನೀರು ತೊಟ್ಟಿಕ್ಕುತ್ತಿತ್ತು. ಆ ಹಸಿ ವಾಸನೆಗೆ ಡೀಸೆಲ್ ಹೊಗೆ ಬೆರೆತು ಮೂಗಿಗೆ ಬಡಿದದ್ದೇ ತಡ, ನಾನು ರಸ್ತೆಯ ಅಂಚಿನಲ್ಲೇ ನಿಂತುಬಿಟ್ಟೆ. ಟ್ರ್ಯಾಕ್ಟರು ಕಾಲುವೆಯ ಸೇತುವೆ ಹತ್ತಿ ಮರೆಯಾಯಿತು. ಅದೇ ದಾರಿಯಲ್ಲಿ ಒಂದು ವರ್ಷ ನಾನು ಅವ್ವನ ನಾಟಿ ಗುಂಪಿನ ಜೊತೆ, ಎದೆಗೆ ಕ್ಯಾಮೆರಾ ಅವಚಿಕೊಂಡು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದುಕೊಂಡು ಹೋಗಿದ್ದೆ.

ಆಗ ಬಿ.ಎ. ಮುಗಿಸಿ ಶಹಾಪುರದ ಬಸ್‌ಸ್ಟ್ಯಾಂಡ್ ಎದುರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ಊರು ದೋರನಹಳ್ಳಿ. ದಿನಾ ಟಂಟಂ ಆಟೋ ಹತ್ತಿ ಬಂದು ಹೋಗುವುದು. ಸ್ಟುಡಿಯೋ ಚಂದ್ರಣ್ಣನದು. ಮದುವೆ ವಿಡಿಯೋಕ್ಕೆ ಶಹಾಪುರ, ಸುರಪುರ ಎರಡೂ ಕಡೆ ಅವನ ಹೆಸರಿತ್ತು. ಮದುಮಗಳು ಸೀರೆ ಉಡುವ ಕೋಣೆಗೆ, ಅರಿಶಿಣ ಹಚ್ಚುವಲ್ಲಿಗೆ ಗಂಡಸು ಕ್ಯಾಮೆರಾದವರನ್ನು ಯಾರೂ ಬಿಡುತ್ತಿರಲಿಲ್ಲ. ಅದಕ್ಕೇ ನನ್ನನ್ನು ಸೇರಿಸಿಕೊಂಡಿದ್ದ. ನಾಲ್ಕು ಮದುವೆ ಆಗುವಷ್ಟರಲ್ಲಿ ನನ್ನ ಮೇಲೆ ಸಿಟ್ಟಾದ.

"ತಂಗಿ, ಮದುಮಗಳ ಸ್ವಾದರಮಾವ ಮುಂಜಾನಿಂದ ರುಮಾಲು ಸುತ್ತಿಕೊಂಡು ನಿನ್ನ ಮುಂದನ ನಿಂತಾನ. ಆತನ ಮಾರಿ ಒಮ್ಮೆರ ಬಂದದೇನು ಇದ್ರಾಗ? ಬರೇ ಕೈ! ಬಳಿ ಇಡೋ ಕೈ, ಕಣ್ಣೀರು ಒರಿಸೋ ಕೈ. ಇದನ್ನ ಯಾರು ನೋಡ್ತಾರ?"

"ನಾ ನೋಡ್ತೀನ್ರಿ ಅಣ್ಣ," ಅಂದೆ. ಉದ್ಧಟತನ ಅಲ್ಲ, ಬಾಯಿಗೆ ಬಂದದ್ದೇ ಅದು.

ಚಂದ್ರಣ್ಣ ನಕ್ಕ. ಬೈದರೂ ಕಲಿಸುವುದರಲ್ಲಿ ಹಿಂದೆಗೆಯುವ ಮನುಷ್ಯ ಆತನಲ್ಲ. ಸಂಜೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂರಿಸಿಕೊಂಡು ಎಲ್ಲಿ ಕತ್ತರಿಸಬೇಕು, ಎಲ್ಲಿ ಬಿಡಬೇಕು ಎಂದು ತೋರಿಸುತ್ತಿದ್ದ. ಒಬ್ಬಾಕೆ ಬಾಗಿಲ ಕಡೆ ನೋಡಿದಳು ಅಂದರೆ ಮುಂದಿನ ತುಂಡಿನಲ್ಲಿ ಬಾಗಿಲಲ್ಲಿ ಯಾರಿದ್ದಾರೆಂದು ಕಾಣಬೇಕು. ಕಾಣಿಸದಿದ್ದರೆ ನೋಡುವವರ ಮನಸ್ಸು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇಷ್ಟು ಸಣ್ಣ ಮಾತು. ಆದರೆ ಅದು ತಿಳಿದ ದಿನ ಊರಿಗೆ ಹೋಗುವ ದಾರಿಯುದ್ದಕ್ಕೂ ಟಂಟಂನಲ್ಲಿ ಕೂತವರೆಲ್ಲ ಏನು ನೋಡುತ್ತಿದ್ದಾರೆ ಅಂತಲೇ ನೋಡುತ್ತಾ ಹೋದೆ. ಸ್ಟುಡಿಯೋದಲ್ಲಿ ಉಳಿದ ಲಗ್ನಪತ್ರಿಕೆಗಳ ಬೆನ್ನಿಗೆ ಚೌಕಟ್ಟು ಹಾಕಿ ಚಿತ್ರ ಬರೆಯುವ ಚಟ ಆಗಲೇ ಹತ್ತಿದ್ದು.

ಅವ್ವನಿಗೆ ಇದ್ಯಾವುದೂ ಹಿಡಿಸಿರಲಿಲ್ಲ. ಅಪ್ಪ ನಾನು ಸಣ್ಣಾಕಿ ಇದ್ದಾಗಲೇ ತೀರಿಕೊಂಡಿದ್ದ. ನಮ್ಮ ಕೇರಿಯ ಹೆಂಗಸರನ್ನು ಕೂಡಿಸಿಕೊಂಡು ನಾಟಿಗೆ, ಹತ್ತಿ ಬಿಡಿಸಲು ಗುಂಪು ಕಟ್ಟಿ ಕರೆದೊಯ್ಯುವವಳು ಅವ್ವ. ಅವಳ ಮಾತು ಗುಂಪಿನಲ್ಲಿ ಯಾರೂ ಮೀರುತ್ತಿರಲಿಲ್ಲ. ಮನೆಯಲ್ಲಿ ನಾನೂ ಮೀರಬಾರದೆಂಬುದು ಅವಳ ಲೆಕ್ಕ.

"ಬಿ.ಎಡ್. ಮಾಡು, ಸುಜಾತಾ. ಸಾಲಿ ಅಕ್ಕೋರಾಗು. ಮಂದಿ ಮದುವ್ಯಾಗ ಹಿಂದ ಮುಂದ ಓಡಾಡೋದು ಒಂದು ಕೆಲಸೇನು?"

ಒಂದು ಭಾನುವಾರ ಅವ್ವನ ತಂಗಿ, ನಮ್ಮ ಶಾಂತಮ್ಮ ಸಣ್ಣವ್ವ, ಊಟಕ್ಕೆ ಬಂದಿದ್ದಳು. ಅವಳೂ ಅದೇ ಗುಂಪಿನಲ್ಲಿ ದುಡಿಯುವವಳು. ಗಂಡ ಯಾದಗಿರಿಯಲ್ಲಿ ಹಮಾಲಿ. ರೊಟ್ಟಿ ಮುಗಿದು ಅನ್ನ ಬಡಿಸುವಾಗ, ಈ ಅಕ್ಕಿ ಕ್ಯಾಂಪಿನದೇ ಇರಬೇಕು, ನಾವೇ ನಾಟಿ ಹಚ್ಚಿದ್ದು ಇದ್ದರೂ ಇರಬಹುದು ಎಂದು ನಕ್ಕಳು. ಕಾಲುವೆ ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ಗದ್ದೆ ಮಾಡಿ ನೆಲೆ ನಿಂತವರ ವಸ್ತಿಗಳಿಗೆ ನಾವು ಕ್ಯಾಂಪು ಅನ್ನುತ್ತೇವೆ. ನಾನು ಸುಮ್ಮನೆ ಕೇಳಿದೆ:

"ನೀ ಹಚ್ಚಿದ್ದು ತೆನಿ ಬಂದಾಗ ಹೆಂಗ ಕಾಣತದ ಸಣ್ಣವ್ವ?"

ಅವಳ ತುತ್ತು ತಟ್ಟೆಯಲ್ಲೇ ನಿಂತಿತು. "ಯಾರಿಗ ಗೊತ್ತವ್ವ? ನಾ ನೋಡೇ ಇಲ್ಲ."

"ಇಷ್ಟು ವರ್ಷದಾಗ ಒಮ್ಮಿನೂ?"

"ಜ್ವಾಳ ಇದ್ದಾಗ ಬಿತ್ತಿದವರೂ ನಾವ, ತೆನಿ ಮುರಿಯವರೂ ನಾವ. ನೆಲ್ಲು ಹಂಗಲ್ಲ. ಹಚ್ಚಿ ಬರ್ತೀವಿ, ಅವಾಗ ಇಷ್ಟಿಷ್ಟ ಹಸಿರು ಇರತದ. ಮುಂದ ಮಷೀನು ಬರತದ, ಕೊಯ್ಕೊಂಡು ಹೋಗತದ. ನಮ್ಮನ್ನ ಯಾರು ಕರಿತಾರ? ಅಷ್ಟು ದೂರ ಸುಮ್ಮನ ನೋಡಾಕ ಹೋಗಾಕ ಆಗತದೇನು?"

ಅವ್ವ "ಅದನ್ನ ನೋಡಿ ಏನು ಮಾಡೋದದ, ಉಣ್ಣು" ಅಂದಳು. ಅವರಿಬ್ಬರೂ ಬೇರೆ ಮಾತಿಗೆ ಹೋದರು. ನಾನು ಹೋಗಲಿಲ್ಲ. ಅವತ್ತೇ ಸಂಜೆ ಲಗ್ನಪತ್ರಿಕೆಯ ಬೆನ್ನಿಗೆ ಗೆರೆ ಎಳೆಯುತ್ತಾ ಕೂತೆ. ತಾನು ಹಚ್ಚಿದ ನೆಲ್ಲನ್ನು ತೆನೆ ಬಂದಾಗ ಒಮ್ಮೆ ನೋಡಬೇಕೆಂದು ಹೊರಡುವ ಹೆಂಗಸಿನ ಕತೆ. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಸಿನೆಮಾ ಕೋರ್ಸು ಇರುವುದು, ಅದಕ್ಕೆ ಸೇರಬೇಕಾದರೆ ದಸರಾದೊಳಗೆ ತಾವೇ ಮಾಡಿದ ಒಂದು ಸಣ್ಣ ಚಿತ್ರ ಕಳಿಸಬೇಕೆನ್ನುವುದು ನನಗೆ ಗೊತ್ತಿತ್ತು. ಅದು ನನ್ನಂಥವರಿಗಲ್ಲ ಎಂದು ಅಲ್ಲಿಯವರೆಗೆ ಬಿಟ್ಟಿದ್ದೆ. ಆ ಸಂಜೆಯಿಂದ ಬಿಡಲಿಲ್ಲ.

ಆಷಾಢದಲ್ಲಿ ಮದುವೆ ಇರುವುದಿಲ್ಲ, ಕ್ಯಾಮೆರಾ ಖಾಲಿ. ಕಾಲುವೆಗೆ ನೀರು ಬಿಡುವುದೂ, ನಾಟಿ ಶುರುವಾಗುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಚಂದ್ರಣ್ಣನನ್ನು ಕೇಳಿದೆ. ಹಳೇ ಕ್ಯಾಮೆರಾ ಕೊಟ್ಟು, "ನೀರಾಗ ಬಿತ್ತಂದ್ರ ನೀನೂ ಅದರ ಹಿಂದ ಬೀಳು, ತಿರುಗಿ ಬರಬ್ಯಾಡ" ಅಂದ. ಅವ್ವ ಒಪ್ಪಿದ್ದು ಒಂದೇ ಮಾತಿಗೆ: ನಾನೂ ಸಸಿ ಹಚ್ಚಬೇಕು.

ಹುಣಸಗಿಯಿಂದಾಚೆ ಕಾಲುವೆಯ ಬದಿಯ ಒಂದು ಕ್ಯಾಂಪು. ನಾಟಿ ಮುಗಿಯುವವರೆಗೆ ಹೆಂಗಸರೆಲ್ಲ ಅಲ್ಲಿನ ತಗಡಿನ ಶೆಡ್ಡಿನಲ್ಲೇ ಇರುವುದು. ಗದ್ದೆಯ ಯಜಮಾನ ಸುಬ್ಬಾರಾವ್, ತೆಲುಗು ಬೆರೆಸಿ ಕನ್ನಡ ಮಾತಾಡುವ ಹಿರಿಯ. ಕ್ಯಾಮೆರಾ ನೋಡಿ, "ಏಮ್ಮಾ, ಫೋಟೋ ಹಿಡ್ಕೋ. ಕೆಲಸ ಮಾತ್ರ ನಿಲ್ಲಬಾರದು," ಅಂದ. ಮುಂಜಾನೆ ಮೋಡ ಮುಸುಕಿದ ಹೊತ್ತಿಗೆ ಕೆಸರಿಗಿಳಿದರೆ ನೀರು ಮೊಳಕಾಲಿಗೆ ಕೊರೆಯುತ್ತಿತ್ತು. ಪಡುವಣ ಗಾಳಿಗೆ ಹೆಂಗಸರು ಹೊದ್ದ ಪ್ಲಾಸ್ಟಿಕ್ ಹಾಳೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಮೊದಲ ದಿನ ಮಧ್ಯಾಹ್ನದವರೆಗೆ ಹಚ್ಚಿದೆ. ನನ್ನ ಸಾಲು ಸೊಟ್ಟ. ಅವ್ವ ಹಿಂದಿನಿಂದ ಬಂದು ಕೆಲವನ್ನು ಕಿತ್ತು ಸರಿ ಹಚ್ಚಿದಳು. ನೆಟ್ಟಗೆ ನಿಂತಾಗ ನನ್ನ ಸೊಂಟ ನನ್ನದಾಗಿರಲಿಲ್ಲ.

ಆದರೆ ಬಗ್ಗಿ ಕೆಲಸ ಮಾಡಿದ್ದರಿಂದಲೇ ಒಂದು ತಿಳಿಯಿತು. ಬದುವಿನ ಮೇಲೆ ನಿಂತು ಹಿಡಿದರೆ ನಾಟಿಯವರು ಚುಕ್ಕೆಗಳ ಹಾಗೆ, ಕ್ಯಾಲೆಂಡರಿನ ಚಿತ್ರದ ಹಾಗೆ ಚೆಂದ ಕಾಣುತ್ತಾರೆ. ಅವರು ಕಾಣುವುದು ಅದಲ್ಲ. ಅವರಿಗೆ ಕಾಣುವುದು ಮುಂದಿನವಳ ಕಾಲು, ತನ್ನದೇ ಕೈ, ಕೆಸರುನೀರಿನಲ್ಲಿ ತಲೆಕೆಳಗಾದ ಮೋಡ. ಮಾರನೆಯ ದಿನದಿಂದ ಗೊಬ್ಬರದ ಖಾಲಿ ಚೀಲ ಹಾಸಿಕೊಂಡು ಕೆಸರಲ್ಲೇ ಕೂತು ಹಿಡಿದೆ.

ಸಣ್ಣವ್ವನಿಗೆ ನಟನೆ ಅಂತ ಹೇಳಿಕೊಡುವುದೇನೂ ಇರಲಿಲ್ಲ. ಕೊನೆಯ ಸಾಲು ಮುಗಿಸಿ, ಕೈ ತೊಳೆದುಕೊಂಡು, ಊರಿಗೆ ಹೋಗುವ ಟೆಂಪೋ ಹತ್ತುವ ಮುಂಚೆ ಒಮ್ಮೆ ಗದ್ದೆಯತ್ತ ತಿರುಗಿ ನೋಡಬೇಕು. ಅಷ್ಟೇ. ಒಮ್ಮೆ ಮಳೆ ಬಂತು, ಒಮ್ಮೆ ಎಮ್ಮೆ ಅಡ್ಡ ಬಂತು, ಒಮ್ಮೆ ಅವಳೇ ನಕ್ಕುಬಿಟ್ಟಳು.

"ಎಷ್ಟು ಸಲ ತಿರುಗಿ ನೋಡಲೇ? ಕುತ್ತಿಗಿ ನೋಯಾಕತ್ತದ!"

"ಇನ್ನೊಂದ ಸಲ ಸಣ್ಣವ್ವ. ನೋಡಿದಾಗ ಏನು ಅನಸ್ತದ ಅದನ್ನ ಅಷ್ಟ ಅನ್ಕೋ."

"ಹಸಿವ್ಯಾಗ್ಯಾದ ಅಂತ ಅನಸ್ತದ."

ಆ ಸಲದ್ದೇ ಚಿತ್ರದಲ್ಲಿ ಉಳಿಯಿತು.

ಸ್ಟುಡಿಯೋಗೆ ಬಂದು ಕತ್ತರಿಸಿ ಜೋಡಿಸಿದೆ. ನಾಟಿಯ ಭಾಗ ಚೆನ್ನಾಗಿ ಬಂದಿತ್ತು. ಆದರೆ ತೆನೆಯೇ ಇಲ್ಲದೆ ಕತೆ ಮುಗಿಯುವುದು ಹೇಗೆ? ನಾವು ಹಚ್ಚಿದ ಗದ್ದೆಯಲ್ಲಿ ತೆನೆ ಹಣ್ಣಾಗುವುದು ದೀಪಾವಳಿ ದಾಟಿದ ಮೇಲೆ. ಅರ್ಜಿ ಕಳಿಸುವ ಗಡುವು ದಸರಾ. ಚಂದ್ರಣ್ಣ ಸುಲಭದ ದಾರಿ ಹೇಳಿದ. "ಕಕ್ಕೇರಾ ಕಡಿ ಬೋರಿನ ನೀರಾಗ ಮುಂಚಿತ ಹಚ್ಚಿದವರು ಅದಾರ. ಅಲ್ಲಿ ಈಗ ತೆನಿ ತೂಗಾಕತ್ತದ. ಕರ್ಕೊಂಡು ಹೋಗಿ ನಿಂದರ್ಸು, ಹಿಡಿ. ಯಾವ ಗದ್ದಿ ಆದ್ರೇನು, ನೋಡೋರಿಗೆ ನೆಲ್ಲು ನೆಲ್ಲೇ."

ತಪ್ಪೇನಿಲ್ಲ ಅನಿಸಿತು. ಸಿನೆಮಾದಲ್ಲಿ ಎಲ್ಲರೂ ಮಾಡುವುದೇ ಹಾಗೆ. ಸಣ್ಣವ್ವನನ್ನು ಕರೆದುಕೊಂಡು ಕಕ್ಕೇರಾಕ್ಕೆ ಹೋದೆ. ಒಳ್ಳೆಯ ಬಿಸಿಲು, ಬಂಗಾರದ ಬಣ್ಣದ ಗದ್ದೆ, ಒಡೆಯನ ಅಪ್ಪಣೆಯೂ ಸಿಕ್ಕಿತ್ತು. ಬದುವಿನ ಮೇಲೆ ನಿಲ್ಲಿಸಿ, "ನೋಡು, ಇದು ನೀ ಹಚ್ಚಿದ್ದು" ಅಂದೆ. ಅವಳು ನೋಡಿದಳು. ಎಷ್ಟು ಹೊತ್ತು ಹಿಡಿದರೂ ಆ ಮುಖದಲ್ಲಿ ಏನೂ ಆಗಲಿಲ್ಲ. ಸಂತೆಯಲ್ಲಿ ಬೇರೆಯವರ ಎತ್ತು ನೋಡಿದ ಹಾಗೆ ನೋಡುತ್ತಿದ್ದಳು.

"ಬರವಲ್ದು ಸುಜಾತಾ," ಅಂದಳು ಕೊನೆಗೆ. "ಇದು ನಂದಲ್ಲ."

"ನಿಂದ ಅಂತ ಅನ್ಕೋ ಸಣ್ಣವ್ವ. ಗಡುವು ಮುಗಿತದ."

"ಅನ್ಕೊಂಡ್ನವ್ವ. ಅನ್ಕೊಂಡ್ರೂ ಬರವಲ್ದು. ಬೇಕಾದ್ರ ಬ್ಯಾರೆ ಯಾರನ್ನರ ನಿಂದರ್ಸು."

ಅವಳಿಗೆ ಬೇಜಾರಾಗಿತ್ತು, ತನ್ನಿಂದ ನನ್ನ ಕೆಲಸ ಕೆಟ್ಟಿತಲ್ಲಾ ಎಂದು. ತಿರುಗಿ ಬಸ್ಸು ಹತ್ತಿದೆವು. ಸುರಪುರದ ಗುಡ್ಡಗಳು ಕಾಣುವ ಹೊತ್ತಿಗೆ ನಾನು ಗಟ್ಟಿ ಮಾಡಿದ್ದೆ. ಗಡುವು ಹೋದರೆ ಹೋಗಲಿ. ಈ ಚಿತ್ರ ಆ ಗದ್ದೆಯಲ್ಲೇ ಮುಗಿಯಬೇಕು.

ಅವ್ವನಿಗೆ ಹೇಳಿದಾಗ ಅವಳು ಒಲೆ ಮುಂದೆ ಕೂತಿದ್ದಳು. "ಹಂಗಾದ್ರ ಈ ವರ್ಷ ಹೋಯ್ತು?"

"ಹೋಯ್ತು. ಮುಂದಿನ ವರ್ಷ ಕಳಿಸ್ತೀನಿ."

"ಒಂದ ವರ್ಷ. ಅದು ಆಗಲಿಲ್ಲಂದ್ರ ಬಿ.ಎಡ್.ಗೆ ಹೋಗಬೇಕು. ಆಮ್ಯಾಲ ಅಳಬಾರದು."

"ಅಳಂಗಿಲ್ಲ," ಅಂದೆ.

ದೀಪಾವಳಿ ಮುಗಿಯಿತು. ಮದುವೆಗಳು ಶುರುವಾದವು. ನಾನು ಸ್ವಾದರಮಾವಂದಿರನ್ನು ಮರೆಯದೆ ಹಿಡಿಯುತ್ತಾ, ದಿನ ಬಿಟ್ಟು ದಿನ ಸುಬ್ಬಾರಾವ್‌ಗೆ ಫೋನು ಹಚ್ಚುತ್ತಿದ್ದೆ. ಇನ್ನೂ ಹಸಿ, ಇನ್ನೂ ಹಸಿ ಅನ್ನುತ್ತಿದ್ದ. ಒಂದು ಮಧ್ಯಾಹ್ನ ಆಕಾಶ ಕಪ್ಪಿಟ್ಟಿತು. ಸಮುದ್ರದ ಕಡೆ ತುಫಾನು ಎದ್ದಿದೆ ಎಂದು ಟಿವಿಯಲ್ಲಿ ಹೇಳುತ್ತಿದ್ದರು. ಸುಬ್ಬಾರಾವ್ ತಾನೇ ಫೋನು ಮಾಡಿದ. "ಏಮ್ಮಾ, ಮಳೆ ಬಿದ್ದರೆ ಬೆಳೆ ಮಲಗುತ್ತೆ. ಮಷೀನು ಬಂದಿದೆ. ಇವತ್ತು ಸಂಜೆ ಶುರು, ನಾಳೆ ಮುಗಿಸಿಬಿಡ್ತೀವಿ."

ನಾಳೆ ಸುರಪುರದಲ್ಲಿ ದೊಡ್ಡ ಮದುವೆ. ಹೆಣ್ಣಿನ ಕಡೆಯ ಕ್ಯಾಮೆರಾ ನಾನು.

ಚಂದ್ರಣ್ಣನಿಗೆ ಸುತ್ತುಬಳಸಿ ಹೇಳಲಿಲ್ಲ. "ಅಣ್ಣ, ನಾಳೆ ಮುಂಜಾನಿ ನಾ ಹುಣಸಗಿ ಕಡಿ ಇರತೀನ್ರಿ. ಕ್ಯಾಮೆರಾ ಕೊಟ್ರ ಅದರಾಗ ಹಿಡಿತೀನಿ, ಕೊಡಲಿಲ್ಲಂದ್ರ ಫೋನಿನಾಗ ಹಿಡಿತೀನಿ. ಹೋಗೋದು ಮಾತ್ರ ಖರೆ."

ಆತ ಕಪಾಟಿನ ಬೀಗ ತೆಗೆದ. ಹಳೇ ಕ್ಯಾಮೆರಾ, ತುಂಬಿದ ಬ್ಯಾಟರಿ ಎರಡನ್ನೂ ಮೇಜಿನ ಮೇಲೆ ಇಟ್ಟ. "ಅರಿಶಿಣ ನನ್ನ ಹೆಂಡ್ತಿ ಹಿಡಿತಾಳ. ಅಕ್ಕಿಕಾಳು ಬೀಳೋ ಹೊತ್ತಿಗೆ ನೀ ಅಲ್ಲಿ ಇರಲಿಲ್ಲಂದ್ರ ಇಲ್ಲಿಗೆ ಮತ್ತ ಬರಬ್ಯಾಡ."

ಸಣ್ಣವ್ವ ಹತ್ತಿ ಬಿಡಿಸಿ ಆಗಷ್ಟೇ ಮನೆಗೆ ಬಂದಿದ್ದಳು. ಯಾಕೆ ಏನು ಎಂದು ಕೇಳಲಿಲ್ಲ, ಸೀರೆ ಬದಲಿಸಿ ಹೊರಟಳು. ಸಂಜೆಯ ಬಸ್ಸು ಹಿಡಿದು ಹೋಗಿ, ಕ್ಯಾಂಪಿನ ಅದೇ ಶೆಡ್ಡಿನಲ್ಲಿ ಮಲಗಿ, ಬೆಳಕು ಹರಿಯುವಾಗ ಗದ್ದೆಗೆ ನಡೆದೆವು.

ದೂರದಿಂದಲೇ ಮಷೀನಿನ ಸದ್ದು ಕೇಳಿಸಿತು. ಅರ್ಧ ಗದ್ದೆ ಆಗಲೇ ಬೋಳಾಗಿತ್ತು. ಉಳಿದರ್ಧ ಕಪ್ಪು ಮೋಡದ ಕೆಳಗೆ ಹಳದಿಯಾಗಿ ಹೊಳೆಯುತ್ತಿತ್ತು. ಸಣ್ಣವ್ವ ಬದುವಿನ ಮೇಲೆ ನಿಂತು ನೋಡಬೇಕು, ನಾನು ಅವಳ ಮುಖ ಹಿಡಿಯಬೇಕು. ನಾನು ಬರೆದುಕೊಂಡದ್ದು ಅಷ್ಟೇ. ಅವಳು ನಿಂತಳು. ನಾನು ಕ್ಯಾಮೆರಾ ಶುರು ಮಾಡಿದೆ. ಅವಳು ನೋಡುತ್ತಾ ನೋಡುತ್ತಾ ಕಾಲಿನ ಚಪ್ಪಲಿ ಬಿಟ್ಟಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡಳು. ನೆಲ್ಲಿನೊಳಗೆ ಇಳಿದೇಬಿಟ್ಟಳು.

ಮಷೀನು ಆ ಕಡೆಯ ಅಂಚಿನಲ್ಲಿ ತಿರುಗಿ ಇತ್ತಲೇ ಬರುತ್ತಿತ್ತು. ಸುಬ್ಬಾರಾವ್ ತೆಲುಗಿನಲ್ಲಿ ಕೂಗಿದ. ಅವಳು ಬಸ್ಸು ನಿಲ್ಲಿಸುವ ಹಾಗೆ ಕೈ ಎತ್ತಿದಳು.

"ನಿಂದರಪಾ! ಜರಾ ನಿಂದರು!"

ಓಡಿಸುವವನು ತಮಿಳುನಾಡಿನ ಹುಡುಗ, ಕನ್ನಡ ಬಾರದು. ಆದರೂ ನಿಲ್ಲಿಸಿದ. ಏನನಿಸಿತೋ, ಇಂಜಿನ್ನನ್ನೂ ಬಂದ್ ಮಾಡಿದ. ಒಮ್ಮೆಗೇ ಎಲ್ಲ ನಿಶ್ಶಬ್ದವಾಯಿತು. ತೆನೆಗೆ ತೆನೆ ಉಜ್ಜುವ ಸದ್ದು ಮಾತ್ರ. ಸಣ್ಣವ್ವ ಸೊಂಟದವರೆಗೆ ನೆಲ್ಲಿನಲ್ಲಿ ಮುಳುಗಿ ನಿಂತಿದ್ದಳು. ಒಂದು ತೆನೆ ಅಂಗೈಗೆ ಬಗ್ಗಿಸಿ ತೂಕ ನೋಡಿದಳು. ಒಂದು ಕಾಳು ಹಲ್ಲಿನಲ್ಲಿ ಸುಲಿದು ಬಾಯಿಗೆ ಹಾಕಿಕೊಂಡಳು. ಆಮೇಲೆ ಯಾರಿಗೂ ಅಲ್ಲದ ಹಾಗೆ, ಬಹಳ ದಿನದ ಮೇಲೆ ಕಂಡ ತವರಿನ ಕೂಸಿಗೆ ಅಂದ ಹಾಗೆ ಅಂದಳು:

"ಇಷ್ಟು ಎತ್ತರ ಆಗ್ಯಾದಲ್ಲ!"

ತಾನು ಹಚ್ಚಿದ ಸಾಲಿನ ಗುಂಟ ನಿಧಾನ ನಡೆದು ಆಚೆಯ ಬದು ಹತ್ತಿದಳು. ಸೀರೆಯ ಹೊಟ್ಟು ಕೊಡವಿಕೊಂಡಳು. ಮಷೀನಿನವನ ಕಡೆ ಗದ್ದ ಎತ್ತಿ, "ಹೂಂ, ಹೊಡಿ ಇನ್ನ," ಅಂದಳು. ಇಂಜಿನ್ನು ಗುಡುಗಿತು. ಮಷೀನು ಅವಳು ನಡೆದ ದಾರಿಯ ಮೇಲೆಯೇ ಕೊಯ್ಯುತ್ತಾ ಹೋಯಿತು. ನಾನು ಅದನ್ನೂ ಹಿಡಿದೆ.

ಸುರಪುರದ ಮಂಟಪ ಮುಟ್ಟಿದಾಗ ಆಗಷ್ಟೇ ಅಕ್ಷತೆ ಹಂಚುತ್ತಿದ್ದರು. ನನ್ನ ಬಟ್ಟೆಗೆಲ್ಲ ಹೊಟ್ಟು, ಕಾಲಿಗೆ ಕೆಸರು. ಮದುಮಗಳ ತಾಯಿ ನನ್ನನ್ನು ಮೇಲೆ ಕೆಳಗೆ ನೋಡಿ, ಬೈಯುವ ಬದಲು ಕೋಣೆಗೆಳೆದುಕೊಂಡು ಹೋಗಿ ತನ್ನದೊಂದು ಸೀರೆ ಕೊಟ್ಟಳು. ಉಟ್ಟು ಹೊರಗೆ ಬಂದರೆ ಚಂದ್ರಣ್ಣ.

"ಸಿಕ್ತೇನು?"

"ಸಿಕ್ತ್ರಿ ಅಣ್ಣ."

"ಹಂಗಾದ್ರ ಇನ್ನ ಮದುವಿ ಹಿಡಿ."

ಕೊನೆಯ ಭಾಗವನ್ನು ನಾನು ಕೂಡಿಸಿದ್ದು ಚಂದ್ರಣ್ಣ ಪಕ್ಕದಲ್ಲಿ ಕೂತಿದ್ದಾಗ. ಮಷೀನು ನಿಂತ ಮೇಲಿನ ನಿಶ್ಶಬ್ದಕ್ಕೆ ಹಾಡು ಹಾಕೋಣವೇ ಎಂದು ಕೇಳಿದೆ. ಆತ ಬೇಡವೆಂದು ತಲೆಯಾಡಿಸಿದ. ನಮ್ಮ ಕೇರಿಯ ಬುದ್ಧ ವಿಹಾರದ ಬಿಳಿ ಗೋಡೆಯ ಮೇಲೆ ಒಂದು ಸಂಜೆ ಎಲ್ಲರಿಗೂ ತೋರಿಸಿದೆವು. ಪ್ರೊಜೆಕ್ಟರ್ ಆತನೇ ಹೊತ್ತು ತಂದಿದ್ದ. ಗುಂಪಿನ ಹೆಂಗಸರೆಲ್ಲ ಮುಂದೆ ಕೂತು, ನೋಡ ನಿನ್ನ ಕಾಲು, ನೋಡ ನನ್ನ ಬೆನ್ನು ಎಂದು ಗುರುತು ಹಿಡಿಯುತ್ತಾ ಗದ್ದಲ ಎಬ್ಬಿಸಿದರು. ನಡುವೆ ಅವ್ವ ದೊಡ್ಡ ದನಿಯಲ್ಲಿ, "ಆ ಸೊಟ್ಟ ಸಾಲು ನನ್ನ ಮಗಳು ಹಚ್ಚಿದ್ದು!" ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆದರೆ ಸಣ್ಣವ್ವ ನೆಲ್ಲಿನೊಳಗೆ ಇಳಿದಾಗ ಹಿಂದಿದ್ದವರೆಲ್ಲ ಎದ್ದು ನಿಂತರು. ಮುಗಿದ ಮೇಲೂ ಎದ್ದು ಹೋಗದೆ, ಇನ್ನೊಮ್ಮೆ ಹಾಕು ಅಂದರು. ಬಿ.ಎಡ್. ಮಾತನ್ನು ಅವ್ವ ಮತ್ತೆ ಎತ್ತಲಿಲ್ಲ.

ಮುಂದಿನ ದಸರಾಕ್ಕೆ ಚಿತ್ರ ಕಳಿಸಿದೆ. ದೀಪಾವಳಿ ಆದ ಮೇಲೆ ಸಂದರ್ಶನಕ್ಕೆ ಕರೆ ಬಂತು. ಯಾದಗಿರಿಯಲ್ಲಿ ರೈಲು ಹತ್ತಿ ಮೊದಲ ಸಲ ಬೆಂಗಳೂರಿಗೆ ಹೋದೆ. ಮೇಜಿನ ಆಚೆ ಕೂತವರಲ್ಲಿ ಒಬ್ಬರು ಕೇಳಿದರು: "ಆ ಹೆಂಗಸು ಮಷೀನು ನಿಲ್ಲಿಸೋದು, ಅದನ್ನ ಮೊದಲೇ ಬರೆದುಕೊಂಡಿದ್ರಾ?"

"ಇಲ್ರಿ ಸರ್. ನಾ ಬರೆದದ್ದು ಆಕಿ ಬದುವಿನ ಮ್ಯಾಲೆ ನಿಂತು ನೋಡತಾಳ ಅಂತ ಅಷ್ಟ."

"ಮತ್ತೆ ಆಕೆ ಇಳಿದುಬಿಟ್ಟಾಗ ನೀವೇನು ಮಾಡಿದ್ರಿ?"

"ಕ್ಯಾಮೆರಾ ಬಂದ್ ಮಾಡಲಿಲ್ರಿ."

ಅವರು ಮುಖ ಮುಖ ನೋಡಿಕೊಂಡರು. ಸೀಟು ಸಿಕ್ಕಿದ್ದು ತಿಳಿದದ್ದು ಆಮೇಲೆ. ಆ ಹೊತ್ತಿಗೆ ಏನೂ ಗೊತ್ತಿರಲಿಲ್ಲ. ಹೊರಗೆ ಬಂದು ಒಂದು ಮರದ ಕೆಳಗೆ ನಿಂತು ಅವ್ವನಿಗೆ ಫೋನು ಹಚ್ಚಿದೆ. ಎತ್ತಿದಳು. ಅವಳ ಸುತ್ತ ಹೆಂಗಸರ ಗಲಾಟೆ, ಬಸ್ಸಿನ ಹಾರ್ನು.

"ಅವ್ವ, ಸಂದರ್ಶನ ಮುಗಿತು."

"ಛಲೋ ಆತು. ಸಂಜಿಮುಂದ ಮಾತಾಡು, ಈಗ ಬಸ್ಸು ಹತ್ತಾಕತ್ತೇವಿ."

"ಎಲ್ಲಿಗಿ? ಹತ್ತಿ ಬಿಡಿಸಾಕೇನು?"

"ಕೆಲಸಕ್ಕಲ್ಲ. ಹುಣಸಗಿಗೆ ಹೊಂಟೀವಿ. ಗುಂಪಿನವರು ಎಲ್ಲಾರೂ. ಸುಬ್ಬಾರಾವ್‌ಗೆ ಹೇಳೀನಿ, ನಾವು ಬರೋತನ ಮಷೀನು ಹಚ್ಚಬ್ಯಾಡ ಅಂತ."

"ಅಯ್ಯ ಅವ್ವ, ನಾನರ ಇಲ್ಲಿ ಅದೀನಿ. ಅಲ್ಲಿ ಕ್ಯಾಮೆರಾ ಹಿಡಿಯೋರು ಯಾರು?"

"ಕ್ಯಾಮೆರಾ ಯಾಕ ಬೇಕು?" ಅಂದಳು ಅವ್ವ. "ನಾವು ನೋಡಾಕ ಹೊಂಟೀವಿ."

ಅಷ್ಟರಲ್ಲಿ ಬಸ್ಸು ಹೊರಟಿತು.